ವುಡ್ ಸ್ಟವ್‌ಗೆ ಡಿಜಿಟಲ್ ಥರ್ಮಾಮೀಟರ್ ಮತ್ತು ಅಲಾರಂ: ಎಲ್ಲಿ ಕೂರಿಸಬೇಕು, ಎಷ್ಟಕ್ಕೆ ಇಡಬೇಕು

ಅಮೆರಿಕ, ಕೆನಡಾದ ಚಳಿ ಊರುಗಳಲ್ಲಿ ಮನೆ ಮಾಡಿರುವ ನಮ್ಮವರಿಂದ ವುಡ್ ಸ್ಟವ್ (ಮನೆ ಬೆಚ್ಚಗಿಡಲು ಸೌದೆ ಉರಿಸುವ, ಬಾಗಿಲಿರುವ ಒಲೆ) ಹಚ್ಚುವ ಕಾಲಕ್ಕೆ ಎರಡು ದೂರು ತಪ್ಪದೆ ಬರುತ್ತವೆ. ಅದೂ ಒಂದಕ್ಕೊಂದು ಉಲ್ಟಾ. "ಅಲಾರಂ ದಿನಾ ಕೂಗುತ್ತೆ, ತಲೆ ಕೆಟ್ಟು ಬ್ಯಾಟರಿ ಕಿತ್ತಿಟ್ಟೆ" ಅನ್ನುವುದು ಒಂದು. "ಪೈಪಿನ ಪೇಂಟು ಸುಟ್ಟು ವಾಸನೆ ಬಂದರೂ ಅಲಾರಂ ಕೂಗಲೇ ಇಲ್ಲ" ಅನ್ನುವುದು ಇನ್ನೊಂದು. ಎರಡರಲ್ಲೂ ಮೀಟರ್ ಕೆಟ್ಟಿರುವುದು ಅಪರೂಪ. ಪ್ರೋಬ್ (ಬಿಸಿ ಅಳೆಯುವ ಕಡ್ಡಿ) ಕೂತ ಜಾಗ ತಪ್ಪಾಗಿರುತ್ತದೆ, ಇಲ್ಲವೇ ಒಂದು ಜಾಗಕ್ಕೆ ಹೇಳಿದ ಅಂಕಿಯನ್ನು ಇನ್ನೊಂದು ಜಾಗಕ್ಕೆ ಹಾಕಿರುತ್ತಾರೆ.

ಹಾಗಾಗಿ ಕೆಳಗಿನ ಕ್ರಮ ತಪ್ಪಿಸಬೇಡಿ. ಮೊದಲು ಪೈಪು ಯಾವ ಜಾತಿ ಅಂತ ತಿಳಿಯಬೇಕು. ಆಮೇಲೆ ಪ್ರೋಬ್, ಆಮೇಲೆ ಪರೀಕ್ಷೆ, ಅಲಾರಂ ಕೊನೆಗೆ. ಅಲ್ಲಿನ ಮೀಟರುಗಳು, ಸ್ಟವ್ ಕೈಪಿಡಿಗಳು ಎಲ್ಲ ಫ್ಯಾರನ್‌ಹೀಟ್‌ನಲ್ಲೇ ಮಾತಾಡುವುದರಿಂದ ನಾನೂ ಅದನ್ನೇ ಬಳಸಿದ್ದೇನೆ. ಮುಖ್ಯವಾದ ಕಡೆ ಸೆಲ್ಸಿಯಸ್ ಪಕ್ಕದಲ್ಲೇ ಇದೆ.

ಹಂತ 1: ನಿಮ್ಮ ಪೈಪು ಒಂದು ಪದರದ್ದೋ, ಎರಡು ಪದರದ್ದೋ?

ಸ್ಟವ್ ತಲೆಯಿಂದ ಸೀಲಿಂಗ್ ತನಕ ಹೋಗುವ ಕಪ್ಪು ಪೈಪನ್ನು ನೋಡಿ. ಸಿಂಗಲ್ ವಾಲ್ ಆಗಿದ್ದರೆ ಬರೀ ಒಂದು ತಗಡು, ಒಳಗೆ ನೇರ ಹೊಗೆ. ಡಬಲ್ ವಾಲ್ ಆಗಿದ್ದರೆ ಒಳಗೊಂದು ಪೈಪು, ಹೊರಗೊಂದು ಪೈಪು, ನಡುವೆ ಗಾಳಿಯ ಸಂದು. ಗೊತ್ತಾಗದಿದ್ದರೆ ಪೈಪಿನ ಲೇಬಲ್ ನೋಡಿ, ಅಥವಾ ಮನೆ ಕೊಂಡಾಗಿನ ಕಾಗದದಲ್ಲಿ ಹುಡುಕಿ. ಇನ್ನೊಂದು ಸುಳಿವು ಗೋಡೆಯಿಂದ ಇರುವ ದೂರ. ಸಿಂಗಲ್ ವಾಲ್ ಪೈಪು ಮರದ ಗೋಡೆಯಿಂದ ಸಾಮಾನ್ಯವಾಗಿ 18 ಇಂಚು ದೂರ ಇರಬೇಕು. ನಿಮ್ಮದು ಏಳೆಂಟು ಇಂಚಿನಲ್ಲೇ ನಿಂತಿದ್ದರೆ ಅದು ಡಬಲ್ ವಾಲ್ ಇರಬೇಕು. ಅಲ್ಲ ಅಂತಾದರೆ ಥರ್ಮಾಮೀಟರ್ ವಿಷಯ ಬಿಟ್ಟು ಮೊದಲು ಚಿಮಣಿ ರಿಪೇರಿಯವರನ್ನು ಕರೆಸಿ.

ಇದು ಯಾಕೆ ಮುಖ್ಯ ಅಂದರೆ, ಡಬಲ್ ವಾಲ್ ಪೈಪಿನ ಹೊರಮೈಗೆ ಅಂಟಿಸಿದ ಥರ್ಮಾಮೀಟರ್ ಒಳಗಿನ ಬೆಂಕಿಯ ಬಗ್ಗೆ ಏನೂ ಹೇಳುವುದಿಲ್ಲ. ಒಳಗೆ 900 ಇದ್ದರೂ ಹೊರಗೆ ಅದು ತಣ್ಣಗೆ 200 ತೋರಿಸಿಕೊಂಡು ಕೂತಿರಬಹುದು. "ಅಲಾರಂ ಕೂಗಲೇ ಇಲ್ಲ" ಅನ್ನುವವರಲ್ಲಿ ಜಾಸ್ತಿ ಜನ ಮಾಡಿರುವುದು ಇದನ್ನೇ. ಡಬಲ್ ವಾಲ್ ಪೈಪಿಗೆ ತೂತು ಕೊರೆದು ಒಳಗೆ ಪ್ರೋಬ್ ಇಳಿಸಲೇಬೇಕು.

ಸಿಂಗಲ್ ವಾಲ್‌ನಲ್ಲಿ ಹೊರಮೈ ಅಳೆದರೂ ನಡೆಯುತ್ತದೆ. ಆದರೆ ಒಳಗಿನ ಹೊಗೆ ಹೊರಮೈಗಿಂತ ಒಂದೂವರೆ ಪಟ್ಟಿನಿಂದ ಎರಡು ಪಟ್ಟು ಬಿಸಿ ಇರುತ್ತದೆ ಅನ್ನುವುದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ.

ಸೀಲಿಂಗ್‌ನಿಂದ ಮೇಲಕ್ಕೆ ಹೋಗುವುದು ಇನ್ಸುಲೇಶನ್ ತುಂಬಿದ ಕ್ಲಾಸ್ ಎ ಚಿಮಣಿ. ಅದಕ್ಕೆ ಮಾತ್ರ ಡ್ರಿಲ್ ಹಾಕಬೇಡಿ. ತೂತು ಬಿದ್ದ ಚಿಮಣಿಯ ಸುರಕ್ಷತಾ ಪ್ರಮಾಣಪತ್ರಕ್ಕೆ ಬೆಲೆ ಇರುವುದಿಲ್ಲ. ನಾಳೆ ಇನ್ಶೂರೆನ್ಸ್‌ನವರು ಬಂದಾಗಲೂ ತಕರಾರು.

ಹಂತ 2: ಸಾಮಾನು

ಬೇಕಾಗಿರುವುದು ಇಷ್ಟು. ಎರಡು ಕೆ-ಟೈಪ್ ಥರ್ಮೋಕಪಲ್‌ಗಳು (ಎರಡು ಬೇರೆ ಲೋಹದ ತಂತಿ ಸೇರಿಸಿ ಮಾಡಿದ ಪ್ರೋಬ್): ಪೈಪಿನೊಳಗೆ ಹೋಗಲು ಸ್ಟೇನ್‌ಲೆಸ್ ಸ್ಟೀಲ್ ಕವಚದ್ದು ಒಂದು, ಸ್ಟವ್ ತಲೆಯ ಮೇಲೆ ಕೂರಿಸಲು ಚಪ್ಪಟೆ ತುದಿಯದ್ದು ಅಥವಾ ಬೋಲ್ಟ್ ಅಡಿಗೆ ಸಿಗಿಸುವ ಉಂಗುರದ್ದು ಒಂದು. ಎರಡು ಚಾನೆಲ್ ಇರುವ, ಹೈ ಮತ್ತು ಲೋ ಅಲಾರಂ ಬೇರೆಬೇರೆಯಾಗಿ ಇಡಲು ಬರುವ ಮೀಟರ್. ಉದ್ದ ಸಾಲದಿದ್ದರೆ ಕೆ-ಟೈಪ್ ಎಕ್ಸ್‌ಟೆನ್ಶನ್ ವೈರ್. ಡ್ರಿಲ್, ಲೋಹಕ್ಕೆ ಬಳಸುವ ಬಿಟ್, ಕನ್ನಡಕ, ಕೈಗವಸು. ಸೌದೆಯ ಪಸೆ ನೋಡುವ ಮೀಟರ್. ಕಾರ್ಬನ್ ಮೊನಾಕ್ಸೈಡ್ (ವಾಸನೆಯಿಲ್ಲದ ವಿಷಾನಿಲ) ಅಲಾರಂ ಅಂತೂ ಇರಲೇಬೇಕು.

ಮಾಂಸ ಬೇಯಿಸುವವರ ವೈರ್‌ಲೆಸ್ ಬಾರ್ಬೆಕ್ಯೂ ಥರ್ಮಾಮೀಟರ್ ಕಡಿಮೆ ಬೆಲೆಗೆ ಸಿಗುತ್ತದೆ ಅಂತ ತುಂಬಾ ಜನ ಅದನ್ನೇ ಪೈಪಿಗೆ ತುರುಕುತ್ತಾರೆ. ಅದರ ಪ್ರೋಬ್ ಸಾಮಾನ್ಯವಾಗಿ 572 ಡಿಗ್ರಿ (300 ಸೆಲ್ಸಿಯಸ್) ಅಥವಾ ಅದಕ್ಕೂ ಕಡಿಮೆ ಬಿಸಿಗೆ ಮಾಡಿದ್ದು. ಮೊದಲ ಜೋರು ಬೆಂಕಿಗೇ ಸತ್ತುಹೋಗುತ್ತದೆ. ಸಾಯುವ ಮುಂಚೆ ತಪ್ಪು ಅಂಕಿ ಕೊಟ್ಟರೆ ಇನ್ನೂ ಕಷ್ಟ.

ಪಿಸ್ತೂಲಿನ ಹಾಗೆ ಹಿಡಿದು ನೋಡುವ ಇನ್‌ಫ್ರಾರೆಡ್ ಮೀಟರ್ ಇದ್ದರೆ ಒಳ್ಳೆಯದು, ಆದರೆ ತಾಳೆ ನೋಡುವುದಕ್ಕೆ ಮಾತ್ರ. ಮಾಸಲು ಕಪ್ಪು ಪೇಂಟಿನ ಮೇಲೆ ಅದು ಸರಿಯಾಗಿ ಓದುತ್ತದೆ, ಹೊಳೆಯುವ ಸ್ಟೀಲಿನ ಮೇಲೆ ತೀರಾ ಕಡಿಮೆ ತೋರಿಸುತ್ತದೆ. ಸ್ಟವ್ ಬಾಗಿಲಿನ ಗಾಜಿಗೆ ಹಿಡಿದರೆ ಸಿಗುವುದು ಗಾಜಿನ ಬಿಸಿ, ಬೆಂಕಿಯದ್ದಲ್ಲ.

ಇನ್ನು ಪ್ರೋಬ್ ಹಿಡಿದಿಡುವ ಆಯಸ್ಕಾಂತ. ಸಾಮಾನ್ಯ ನಿಯೋಡೈಮಿಯಂ ಮ್ಯಾಗ್ನೆಟ್ 175 ಡಿಗ್ರಿ (80 ಸೆಲ್ಸಿಯಸ್) ದಾಟಿದರೆ ಹಿಡಿತ ಕಳೆದುಕೊಳ್ಳುತ್ತಾ ಹೋಗುತ್ತದೆ, ಪ್ರೋಬ್ ಸಮೇತ ಕೆಳಗೆ ಬೀಳುತ್ತದೆ. ಬಿದ್ದ ಪ್ರೋಬ್ ಕೋಣೆಯ ಬಿಸಿ ತೋರಿಸಿಕೊಂಡು ನೆಮ್ಮದಿಯಾಗಿರುತ್ತದೆ, ನೀವೂ ನೆಮ್ಮದಿಯಾಗಿರುತ್ತೀರಿ. ಹೆಚ್ಚು ಬಿಸಿ ತಡೆಯುವ ಆಲ್ನಿಕೋ ಮ್ಯಾಗ್ನೆಟ್ ತಗೊಳ್ಳಿ. ಸೋಪ್‌ಸ್ಟೋನ್ (ಬಳಪದ ಕಲ್ಲು) ಸ್ಟವ್‌ಗೆ ಯಾವ ಮ್ಯಾಗ್ನೆಟ್ಟೂ ಹಿಡಿಯುವುದಿಲ್ಲ.

ಹಂತ 3: ಪ್ರೋಬ್ ಕೂರಿಸುವುದು

ಸ್ಟವ್ ಪೂರ್ತಿ ತಣ್ಣಗಿರಬೇಕು. ಹಿಂದಿನ ರಾತ್ರಿಯ ಕೆಂಡವೂ ಇರಬಾರದು.

ಪೈಪಿನ ಪ್ರೋಬ್‌ಗೆ ಸ್ಟವ್ ತಲೆಯಿಂದ ಸುಮಾರು 18 ಇಂಚು (45 ಸೆಂಟಿಮೀಟರ್) ಮೇಲೆ ಗುರುತು ಹಾಕಿ. ಅದಕ್ಕಿಂತ ಕೆಳಗೆ ಬಂದರೆ ಜ್ವಾಲೆ ನೇರ ತಾಗಿ ಅಂಕಿ ಕುಣಿಯುತ್ತದೆ. ತೀರಾ ಮೇಲೆ ಹೋದರೆ ಹೊಗೆ ಅಷ್ಟೊತ್ತಿಗೆ ತಣ್ಣಗಾಗಿರುತ್ತದೆ. ನೀವು ಓದುವ "ಇಷ್ಟು ಡಿಗ್ರಿ ಒಳ್ಳೆಯದು" ಅನ್ನುವ ಅಂಕಿಗಳೆಲ್ಲ ಈ 18 ಇಂಚಿನ ಲೆಕ್ಕದವು. ಪೈಪಿನ ಮೊಣಕೈ, ಜೋಡಣೆ, ಹೊಲಿಗೆ ಗೆರೆ ಇವುಗಳ ಮೇಲೆ ಕೊರೆಯಬೇಡಿ. ಪೈಪಿನಲ್ಲಿ ಡ್ಯಾಂಪರ್ (ಹೊಗೆಯ ಹರಿವು ತಗ್ಗಿಸುವ ತಟ್ಟೆ) ಇದ್ದರೆ ಆ ತಟ್ಟೆ ತಿರುಗುವಾಗ ಪ್ರೋಬ್‌ಗೆ ತಾಗದ ಹಾಗೆ ನೋಡಿಕೊಳ್ಳಿ.

ತೂತು ಪ್ರೋಬಿನ ದಪ್ಪಕ್ಕಿಂತ ಒಂದು ಕೂದಲೆಳೆ ದೊಡ್ಡದಿದ್ದರೆ ಸಾಕು. ಡಬಲ್ ವಾಲ್‌ನಲ್ಲಿ ಹೊರ ಪದರ ದಾಟಿದ ಕೂಡಲೇ ಡ್ರಿಲ್ ಸರಕ್ಕನೆ ಒಳಗೆ ಜಾರುತ್ತದೆ. ಅಲ್ಲಿ ನಿಲ್ಲಿಸಿ, ನೇರ ಹಿಡಿದು, ಒಳ ಪದರಕ್ಕೆ ಮತ್ತೆ ನಿಧಾನವಾಗಿ ಒತ್ತಿ. ಓರೆಯಾಗಿ ಕೊರೆದರೆ ಎರಡು ತೂತು ಒಂದಕ್ಕೊಂದು ಎದುರಾಗುವುದಿಲ್ಲ, ಪ್ರೋಬ್ ಒಳಗೆ ಹೋಗುವುದೇ ಇಲ್ಲ. ತುದಿ ಪೈಪಿನ ನಡುಭಾಗಕ್ಕೆ ಬರಬೇಕು. ಸಾಮಾನ್ಯವಾದ 6 ಇಂಚಿನ ಪೈಪಾದರೆ ಒಳಗೋಡೆಯಿಂದ ಎರಡೂವರೆ, ಮೂರು ಇಂಚು ಒಳಗೆ. ಸಂದಿನ ಗಾಳಿಯಲ್ಲೇ ತುದಿ ನಿಂತುಬಿಟ್ಟರೆ ಮತ್ತೆ ಅದೇ ಕಥೆ, ಅಂಕಿ ಅರ್ಧಕ್ಕರ್ಧ ಕಡಿಮೆ.

ಸ್ಟವ್ ತಲೆಯ ಪ್ರೋಬ್ ಎಲ್ಲಿ ಅನ್ನುವುದಕ್ಕೆ ಕೈಪಿಡಿ ಹೇಳಿದ ಜಾಗವೇ ಸರಿ. ಏನೂ ಹೇಳದಿದ್ದರೆ ಮೊದಲೊಂದು ಸಲ ಇನ್‌ಫ್ರಾರೆಡ್ ಮೀಟರಿನಲ್ಲಿ ತಲೆಯ ಮೇಲೆಲ್ಲ ನೋಡಿ, ಅತಿ ಬಿಸಿ ಇರುವ ಕಡೆ ಕೂರಿಸಿ. ಸಾಮಾನ್ಯವಾಗಿ ಅದು ಪೈಪಿನ ಮುಂದೆ, ನಡುವಿನಲ್ಲಿ ಇರುತ್ತದೆ. ಕೆಲವು ಸ್ಟವ್‌ಗಳಲ್ಲಿ ಬಿಸಿಗಾಳಿ ಹೊರಡಿಸಲು ತಲೆಯ ಮೇಲೆ ಇನ್ನೊಂದು ತಗಡಿನ ಹೊದಿಕೆ ಇರುತ್ತದೆ. ಆ ಹೊದಿಕೆಯ ಮೇಲೆ ಅಳೆದು ಏನೂ ಪ್ರಯೋಜನವಿಲ್ಲ. ಅಂಥ ಸ್ಟವ್ ಆದರೆ ಪೈಪಿನ ಪ್ರೋಬ್ ಒಂದನ್ನೇ ನಂಬಿ.

ಹಂತ 4: ವೈರ್, ಬಣ್ಣ, ಉಲ್ಟಾ ಓದು

ಅಮೆರಿಕದ ಕೆ-ಟೈಪ್ ವೈರ್‌ನಲ್ಲಿ ಹಳದಿ ಪ್ಲಸ್, ಕೆಂಪು ಮೈನಸ್. ಕೆಂಪು ಅಂದರೆ ಪ್ಲಸ್ ಅಂತ ಕೈ ತಾನಾಗೇ ಹೋಗುತ್ತದೆ, ಅಲ್ವಾ? ಇಲ್ಲಿ ಹಾಗಲ್ಲ. ಯುರೋಪಿನ ವೈರ್ ಆದರೆ ಹಸಿರು ಪ್ಲಸ್, ಬಿಳಿ ಮೈನಸ್. ಉಲ್ಟಾ ಜೋಡಿಸಿದರೆ ಗೊತ್ತಾಗುವುದು ಸುಲಭ: ತುದಿ ಬಿಸಿಯಾದ ಹಾಗೆ ಅಂಕಿ ಇಳಿಯುತ್ತದೆ.

ಉದ್ದ ಸಾಲದೆ ಮನೆಯಲ್ಲಿ ಬಿದ್ದಿದ್ದ ತಾಮ್ರದ ವೈರ್ ಸೇರಿಸುವುದು ಇದಕ್ಕಿಂತ ಕೆಟ್ಟ ತಪ್ಪು, ಯಾಕೆಂದರೆ ಅದು ಗೊತ್ತೇ ಆಗುವುದಿಲ್ಲ. ಜೋಡಣೆಯ ಜಾಗ ಸ್ಟವ್ ಹತ್ತಿರ 150 ಡಿಗ್ರಿ ಇದ್ದು, ಮೀಟರ್ ಇರುವ ಕಡೆ 70 ಇದ್ದರೆ, ಸುಮಾರು 80 ಡಿಗ್ರಿ ಕಡಿಮೆ ತೋರಿಸುತ್ತದೆ. ಸ್ಟವ್ ಜೋರಾದಷ್ಟೂ ಸುಳ್ಳು ಜಾಸ್ತಿ. ಕೆ-ಟೈಪ್ ಎಕ್ಸ್‌ಟೆನ್ಶನ್ ವೈರ್, ಕೆ-ಟೈಪ್ ಪ್ಲಗ್ ಬಿಟ್ಟು ಬೇರೇನೂ ಬೇಡ.

ನಮ್ಮಲ್ಲಿ ಅರ್ಧಕ್ಕರ್ಧ ಇಂಜಿನಿಯರುಗಳೇ ಇರುವುದರಿಂದ ಇದನ್ನೂ ಹೇಳಬೇಕು. ಇಎಸ್‌ಪಿ32 ಅನ್ನುವ ಪುಟ್ಟ ಕಂಪ್ಯೂಟರ್ ಬೋರ್ಡಿಗೆ ಥರ್ಮೋಕಪಲ್ ಓದುವ ಮ್ಯಾಕ್ಸ್31855 ಚಿಪ್ ಹಾಕಿ ತಾವೇ ಮಾಡಿಕೊಳ್ಳುವವರು ಥರ್ಮೋಕಪಲ್ ಕೊಳ್ಳುವಾಗ "ಅನ್‌ಗ್ರೌಂಡೆಡ್" ಅಂತ ಇರುವುದನ್ನೇ ಆರಿಸಿ. ತುದಿ ಒಳಗೇ ಕವಚಕ್ಕೆ ಬೆಸೆದಿರುವ ಪ್ರೋಬ್ ಸ್ಟವ್ ಲೋಹಕ್ಕೆ ತಾಗಿದರೆ ಆ ಚಿಪ್ ಶಾರ್ಟ್ ಅಂತ ದೋಷ ತೋರಿಸಿ ಓದುವುದನ್ನೇ ನಿಲ್ಲಿಸಬಹುದು. ಮೇಜಿನ ಮೇಲೆ ಚೆನ್ನಾಗಿ ನಡೆದದ್ದು ಸ್ಟವ್ ಮೇಲೆ ಕೂರಿಸಿದ ಕೂಡಲೇ ಕೈಕೊಟ್ಟರೆ ಮೊದಲು ಇದನ್ನು ಅನುಮಾನಿಸಿ. ದೋಷ ಬಂದಾಗ ಹಳೆಯ ಅಂಕಿಯನ್ನೇ ಪರದೆಯಲ್ಲಿ ಉಳಿಸುವ ಕೋಡ್ ಬರೆಯಬೇಡಿ. ದೋಷ ಬಂದರೂ ಬಝರ್ ಕೂಗಬೇಕು.

ವೈರ್ ಪೈಪಿಗೆ ತಾಗದಂತೆ ದೂರ ಎಳೆದು ಗೋಡೆಗೆ ಕ್ಲಿಪ್ ಹಾಕಿ. ಮೀಟರ್ ಇರುವ ಕಡೆ ಕೈ ಇಟ್ಟರೆ ಬೆಚ್ಚಗೂ ಅನ್ನಿಸಬಾರದು.

ಹಂತ 5: ಬೆಂಕಿಗೆ ಮುಂಚೆ ಪರೀಕ್ಷೆ

ಪ್ರೋಬ್ ಹೊರಗೆ ತೆಗೆದು ತುದಿಯನ್ನು ಐಸ್ ನೀರಿನಲ್ಲಿ ಅದ್ದಿ. 32ರ ಆಸುಪಾಸು ಬರಬೇಕು. ಕುದಿಯುವ ನೀರಿನಲ್ಲಿ 212. ಡೆನ್ವರ್‌ನಂಥ ಎತ್ತರದ ಊರಿನಲ್ಲಿ ನೀರು 203ರ ಹತ್ತಿರವೇ ಕುದಿಯುತ್ತದೆ, ಅದು ಮೀಟರಿನ ತಪ್ಪಲ್ಲ. ನಾಲ್ಕೈದು ಡಿಗ್ರಿ ಆಚೀಚೆ ಆದರೆ ಚಿಂತೆ ಬೇಡ. ಇಪ್ಪತ್ತು ಮೂವತ್ತು ವ್ಯತ್ಯಾಸ ಬಂದರೆ ಹಿಂದಿನ ಹಂತಕ್ಕೆ ಹೋಗಿ ಜೋಡಣೆ ನೋಡಿ.

ಈಗಲೇ ಅಲಾರಂ ಅನ್ನು 150ಕ್ಕೆ ಇಟ್ಟು, ಕುದಿಯುವ ನೀರಿನಲ್ಲಿ ಅದ್ದಿ ಕೂಗಿಸಿ. ಮಲಗುವ ಕೋಣೆಯ ಬಾಗಿಲು ಹಾಕಿಕೊಂಡು ಒಬ್ಬರು ಒಳಗಿರಲಿ. ಕೇಳಿಸದಿದ್ದರೆ ಆ ಅಲಾರಂ ಹಗಲಿಗೆ ಮಾತ್ರ.

ಹಂತ 6: ಒಂದಷ್ಟು ದಿನ ಸುಮ್ನೆ ನೋಡಿ

ಇಲ್ಲಿ ಎಲ್ಲರಿಗೂ ಅವಸರ. ಅಲಾರಂ ಇಡುವ ಮುಂಚೆ ನಿಮ್ಮ ಸ್ಟವ್ ಹೇಗೆ ಏರುತ್ತದೆ, ಹೇಗೆ ಇಳಿಯುತ್ತದೆ ಅಂತ ಗೊತ್ತಿರಬೇಕು. ಹಚ್ಚಿದಾಗ, ಸೌದೆ ತುಂಬಿದಾಗ, ಗಾಳಿ ಲಿವರ್ (ಬೆಂಕಿಗೆ ಹೋಗುವ ಗಾಳಿ ಹೆಚ್ಚು ಕಡಿಮೆ ಮಾಡುವ ಹಿಡಿ) ಇಳಿಸಿದಾಗ, ಹೀಗೆ ಸಮಯ ಮತ್ತು ಎರಡೂ ಅಂಕಿ ಬರೆದಿಡಿ. ಈ ದಿನಗಳಲ್ಲಿ ಸ್ಟವ್ ಬಿಟ್ಟು ಎದ್ದು ಹೋಗಬೇಡಿ.

ಪೈಪಿನ ಅಂಕಿ ಈ ಕ್ಷಣದ ಬೆಂಕಿಯದ್ದು, ಕೂಡಲೇ ಏರಿಳಿಯುತ್ತದೆ. ಸ್ಟವ್ ತಲೆಯ ಅಂಕಿ ಹತ್ತಿಪ್ಪತ್ತು ನಿಮಿಷ ಹಿಂದೆ ಉಳಿದಿರುತ್ತದೆ, ಯಾಕೆಂದರೆ ಅಷ್ಟು ದಪ್ಪ ಕಬ್ಬಿಣ ಬಿಸಿಯಾಗಬೇಕು. ತಲೆಯ ಅಂಕಿಯೊಂದನ್ನೇ ನೋಡಿಕೊಂಡು ಗಾಳಿ ಇಳಿಸುವವರು ಯಾವಾಗಲೂ ತಡವಾಗಿ ಇಳಿಸುತ್ತಾರೆ.

ಸಾಮಾನ್ಯವಾಗಿ ಒಪ್ಪಿರುವ ಅಂಕಿಗಳು ಇವು. ಪೈಪಿನೊಳಗಿನ ಪ್ರೋಬ್‌ಗೆ 400ರಿಂದ 900 (205ರಿಂದ 480 ಸೆಲ್ಸಿಯಸ್) ಒಳ್ಳೆಯ ವಲಯ. ಸಿಂಗಲ್ ವಾಲ್ ಹೊರಮೈಗೆ 230ರಿಂದ 475 (110ರಿಂದ 245 ಸೆಲ್ಸಿಯಸ್). ಸ್ಟವ್ ತಲೆ 300ರಿಂದ 650ರ ನಡುವೆ, 700 ದಾಟಿದರೆ ಎಚ್ಚರ, 800 ಅಂದರೆ ಮಿತಿ ಮೀರಿದ ಹಾಗೆ. ಕೈಪಿಡಿಯಲ್ಲಿ ಬೇರೆ ಅಂಕಿ ಇದ್ದರೆ ಅದೇ ಕೊನೆಯ ಮಾತು. ಕ್ಯಾಟಲಿಸ್ಟ್ (ಹೊಗೆಯನ್ನು ಮತ್ತೆ ಉರಿಸುವ ಭಾಗ) ಇರುವ ಸ್ಟವ್‌ಗಳಲ್ಲಿ ಕ್ಯಾಟಲಿಸ್ಟ್ ಪ್ರೋಬ್ 500 (260 ಸೆಲ್ಸಿಯಸ್) ಮುಟ್ಟಿದ ಮೇಲಷ್ಟೇ ಬೈಪಾಸ್, ಅಂದರೆ ಹೊಗೆ ಅದನ್ನು ತಪ್ಪಿಸಿ ನೇರ ಚಿಮಣಿಗೆ ಹೋಗುವ ದಾರಿ, ಮುಚ್ಚುವುದು. ಅದರೊಳಗೆ ಸಾವಿರ ದಾಟುವುದು ಮಾಮೂಲು, ಗಾಬರಿ ಬೇಡ. ಆ ಅಂಕಿಯನ್ನು ಪೈಪಿನ ಅಂಕಿಯ ಜೊತೆ ಕಲಸಬೇಡಿ.

ಕೆಳಗಿನ ಮಿತಿ ಯಾಕೆ ಅಂದರೆ ಕ್ರಿಯೊಸೋಟ್. ಹೊಗೆ ತಣ್ಣಗಾದರೆ ಅದರಲ್ಲಿನ ಡಾಂಬರು ಚಿಮಣಿಯ ಒಳಗೋಡೆಗೆ ಕೂರುತ್ತದೆ. ಮುಂದೊಂದು ದಿನ ಅದೇ ಹೊತ್ತಿಕೊಂಡರೆ ಚಿಮಣಿ ಬೆಂಕಿ. ಊರಿನ ಬಚ್ಚಲ ಹಂಡೆ ಒಲೆಯಲ್ಲಿ ನಾವು ಬಾಯಿ ತೆರೆದಿಟ್ಟು ಧಾರಾಳ ಗಾಳಿ ಕೊಟ್ಟು ಉರಿಸಿದವರು. ಇಲ್ಲಿ ಬಾಗಿಲು ಮುಚ್ಚಿ, ರಾತ್ರಿಯಿಡೀ ಬರಲಿ ಅಂತ ಗಾಳಿ ಪೂರಾ ಇಳಿಸಿ ಹೊಗೆಯಾಡಿಸುವ ಆಸೆ ಬರುತ್ತದೆ. ಆ ಆಸೆಯೇ ಚಿಮಣಿಗೆ ಮುಳುವು. ಆದರೆ ಒಂದು ವಿನಾಯಿತಿ ಇದೆ: ಸೌದೆ ಪೂರ್ತಿ ಕೆಂಡವಾದ ಮೇಲೆ ಅಂಕಿ 400ರ ಕೆಳಗಿಳಿದರೆ ತೊಂದರೆ ಇಲ್ಲ. ಆಗ ಡಾಂಬರು ಆಗುವಂಥ ಹೊಗೆಯೇ ಉಳಿದಿರುವುದಿಲ್ಲ.

ಗಾಳಿ ಸಾಕಷ್ಟಿದ್ದೂ ಅಂಕಿ ಮೇಲೇಳದಿದ್ದರೆ ಸೌದೆ ಹಸಿ. ಹೊಸದಾಗಿ ಸೀಳಿದ ಒಳಮೈಗೆ ಮೀಟರಿನ ಮುಳ್ಳು ಚುಚ್ಚಿ, ಶೇ. 20ಕ್ಕಿಂತ ಕಡಿಮೆ ಬರಬೇಕು. ತುಂಡಿನ ಹೊರತುದಿಗೆ ಚುಚ್ಚಿ 15 ಬಂತು ಅಂತ ಖುಷಿಪಡುವುದು ವ್ಯರ್ಥ.

ಹಂತ 7: ಅಲಾರಂ ಅಂಕಿ ಇಡುವುದು

ಅಪಾಯದ ಅಂಕಿಗೆ ಅಲಾರಂ ಇಡಬೇಡಿ. ನೀವು ಎದ್ದು ಬಂದು, ಲಿವರ್ ಇಳಿಸಿ, ಬೆಂಕಿ ಅದಕ್ಕೆ ಬಗ್ಗುವುದಕ್ಕೆ ಬೇಕಾದ ಸಮಯ ಬಿಟ್ಟು ಇಡಬೇಕು. ಜೋರಾಗಿ ಏರುವಾಗ ಪೈಪಿನ ಅಂಕಿ ನಿಮಿಷಕ್ಕೆ 50 ಏರುತ್ತಿದೆ ಅಂದುಕೊಳ್ಳಿ. 900ಕ್ಕೆ ಅಲಾರಂ ಇಟ್ಟರೆ ನೀವು ಮಹಡಿಯಿಂದ ಇಳಿದು ಬರುವಷ್ಟರಲ್ಲಿ ಸಾವಿರ. 750ಕ್ಕೆ ಇಟ್ಟರೆ ಮೂರು ನಿಮಿಷ ಕೈಯಲ್ಲಿರುತ್ತದೆ.

ಪ್ರೋಬ್‌ಗೆ ಎರಡು ಹೈ ಅಲಾರಂ ಇಡಲು ಬಂದರೆ 750ಕ್ಕೆ ಸಣ್ಣ ಸದ್ದು, 900ಕ್ಕೆ ದೊಡ್ಡ ಸದ್ದು. ಒಂದೇ ಇದ್ದರೆ 800. ಹೊರಮೈ ಅಳೆಯುವವರು 425ಕ್ಕೆ ಇಡಿ. ಸ್ಟವ್ ತಲೆಗೆ 650, ಅಥವಾ ಕೈಪಿಡಿಯ ಮಿತಿಗಿಂತ 50 ಕಡಿಮೆ. ಲೋ ಅಲಾರಂ ಅನ್ನು ಪ್ರೋಬ್‌ಗೆ 250ರ ಆಸುಪಾಸಿಗೆ ಇಟ್ಟರೆ "ಸೌದೆ ಹಾಕುವ ಹೊತ್ತಾಯಿತು" ಅನ್ನುವ ನೆನಪಿಗೆ ಆಗುತ್ತದೆ. ಅದನ್ನು 400ಕ್ಕೆ ಇಟ್ಟವರೇ ದಿನಾ ಕೂಗುತ್ತೆ ಅಂತ ಬ್ಯಾಟರಿ ಕೀಳುವವರು.

ಅಂಕಿ ಗಡಿಯಲ್ಲೇ ಆಡುತ್ತಿದ್ದರೆ ಅಲಾರಂ ಕೂಗಿ ನಿಂತು ಕೂಗಿ ನಿಂತು ಮಾಡುತ್ತದೆ. ಮೀಟರಿನಲ್ಲಿ ಹಿಸ್ಟರಿಸಿಸ್ (ಕೂಗು ನಿಲ್ಲಲು ಅಂಕಿ ಎಷ್ಟು ಇಳಿಯಬೇಕು ಅನ್ನುವುದು) ಅಂತ ಇರುವ ಅಂಕಿಯನ್ನು 20ರಿಂದ 30ಕ್ಕೆ ಏರಿಸಿ, ಸರಿಹೋಗುತ್ತದೆ.

ಹೊಸದಾಗಿ ಹಚ್ಚುವಾಗ ಬಾಗಿಲು ಒಂದು ಬೆರಳು ತೆರೆದಿಡುವ ಅಭ್ಯಾಸ ಹಲವರಿಗಿದೆ. ಅತಿ ಬಿಸಿಯಾಗಲು ಇದಕ್ಕಿಂತ ಹತ್ತಿರದ ದಾರಿ ಇಲ್ಲ. ಫೋನ್ ಬಂತು ಅಂತ ಎದ್ದು ಹೋದರೆ ಮುಗಿಯಿತು. ಆ ಹತ್ತು ನಿಮಿಷಕ್ಕೆ ಅಲಾರಂ ಜೊತೆ ಅಡುಗೆಮನೆ ಟೈಮರ್ ಕೂಡ ಹಾಕಿ.

ಮೊಬೈಲಿಗೆ ಸಂದೇಶ ಬರುವ ವ್ಯವಸ್ಥೆ ಇರಲಿ, ಬೇಡ ಅನ್ನುವುದಿಲ್ಲ. ಆದರೆ ಸ್ಟವ್ ಅತಿ ಹೆಚ್ಚು ಉರಿಯುವುದು ಹಿಮ ಬಿದ್ದು ಕರೆಂಟ್ ಹೋದ ರಾತ್ರಿ. ಆಗ ವೈಫೈ ಇರುವುದಿಲ್ಲ. ಮೀಟರ್ ಬ್ಯಾಟರಿಯಲ್ಲಿ ಅಥವಾ ಪವರ್ ಬ್ಯಾಂಕಿನಲ್ಲಿ ನಡೆಯಬೇಕು, ಬಝರ್ ಅದರಲ್ಲೇ ಇರಬೇಕು.

ಹಂತ 8: ಕೂಗಿದಾಗ ಏನು ಮಾಡಬೇಕು

ಇದನ್ನು ಬರೆದು ಸ್ಟವ್ ಹತ್ತಿರ ಅಂಟಿಸಿ. ಮನೆಗೆ ಬಂದ ಅಪ್ಪ ಅಮ್ಮನಿಗೂ ಹೇಳಿಕೊಡಿ. ಆರು ತಿಂಗಳು ಇರಲು ಬಂದವರು ಹಗಲೆಲ್ಲ ಸ್ಟವ್ ಜೊತೆ ಒಬ್ಬರೇ ಇರುತ್ತಾರೆ.

ಮೊದಲ ಅಲಾರಂಗೆ: ಬಾಗಿಲು ಪೂರ್ತಿ ಮುಚ್ಚಿದೆಯಾ ನೋಡಿ. ಗಾಳಿ ಲಿವರ್ ಅರ್ಧಕ್ಕೆ, ಆಮೇಲೆ ಇನ್ನೂ ಕೆಳಕ್ಕೆ ಇಳಿಸಿ. ಬೂದಿ ತಟ್ಟೆಯ ಬಾಗಿಲು ಸಡಿಲವಿದೆಯಾ ನೋಡಿ, ಕಳ್ಳಗಾಳಿ ಅಲ್ಲಿಂದಲೇ ಬರುವುದು ಜಾಸ್ತಿ. ಅಂಕಿ ಇಳಿಯುವ ತನಕ ಅಲ್ಲೇ ಇರಿ.

ಎರಡನೆಯ ಅಲಾರಂಗೆ: ಗಾಳಿ ಪೂರಾ ಬಂದ್. ಪೈಪಿನಲ್ಲಿ ಡ್ಯಾಂಪರ್ ಇದ್ದರೆ ಅದನ್ನೂ ಮುಚ್ಚುತ್ತಾ ಬನ್ನಿ. ಬ್ಲೋವರ್ ಫ್ಯಾನ್ ಇದ್ದರೆ ಓಡಲಿ, ಅದು ಸ್ಟವ್ ಮೈಯ ಬಿಸಿ ಎಳೆಯುತ್ತದೆ. ಬಾಗಿಲು ತೆರೆದು "ಏನಾಗಿದೆ ನೋಡೋಣ" ಅನ್ನಬೇಡಿ. ನೀರು ಅಂತೂ ಹಾಕಲೇಬೇಡಿ. ಬಿರುಕು ಬಿಡುವುದು, ಹಬೆ ಮುಖಕ್ಕೆ ಹೊಡೆಯುವುದು ಎರಡೂ ಆಗುತ್ತದೆ.

ಮೀಟರ್ ಏನೇ ಹೇಳಲಿ, ಇವು ಕಂಡರೆ ಅಂಕಿ ನೋಡುತ್ತಾ ನಿಲ್ಲಬೇಡಿ: ಪೈಪಿನೊಳಗೆ ರೈಲು ಬಂದ ಹಾಗೆ ಗುಡುಗು, ಪೈಪು ನಡುಗುವುದು, ಚಿಮಣಿ ತುದಿಯಲ್ಲಿ ಕಿಡಿ ಅಥವಾ ಜ್ವಾಲೆ, ದೀಪ ಆರಿಸಿದರೆ ಲೋಹ ಮಂಕಾಗಿ ಕೆಂಪು ಕಾಣುವುದು. ಕಬ್ಬಿಣ ಕತ್ತಲೆಯಲ್ಲಿ ಕೆಂಪಗೆ ಕಾಣತೊಡಗುವುದು ಸಾವಿರ ಡಿಗ್ರಿಯ ಹತ್ತಿರ. ಗಾಳಿ ಮುಚ್ಚಿ, ಎಲ್ಲರೂ ಹೊರಗೆ, 911ಕ್ಕೆ ಫೋನ್. ಅಮೆರಿಕದಲ್ಲಿ ವುಡ್ ಸ್ಟವ್‌ಗೆ ಹಾಕುವ ಚಿಮಣಿಯನ್ನು 1000 ಡಿಗ್ರಿ ಸತತ ಬಿಸಿಗೂ, 2100 ಡಿಗ್ರಿಯನ್ನು ಹತ್ತು ನಿಮಿಷ ತಡೆಯಲೂ ಪರೀಕ್ಷೆ ಮಾಡಿರುತ್ತಾರೆ. ಆ ಹತ್ತು ನಿಮಿಷ ನಿಮ್ಮನ್ನು ಹೊರಗೆ ಕಳಿಸಲು ಇರುವುದು. ಬೆಂಕಿ ತಾನಾಗೇ ಆರಿದರೂ ಚಿಮಣಿ ಪರೀಕ್ಷೆ ಆಗುವ ತನಕ ಮತ್ತೆ ಹಚ್ಚುವ ಹಾಗಿಲ್ಲ.

ಹಂತ 9: ಥರ್ಮಾಮೀಟರ್ ಹಿಡಿಯದ ಅಪಾಯ

ಕಾರ್ಬನ್ ಮೊನಾಕ್ಸೈಡ್‌ಗೆ ಬಿಸಿ ಬೇಕಿಲ್ಲ. ಅದು ಮನೆಯೊಳಗೆ ಬರುವುದೇ ಕೆಂಡ ಆರುತ್ತಿರುವಾಗ, ಚಿಮಣಿ ತಣ್ಣಗಾಗಿ ಎಳೆತ ಕಡಿಮೆಯಾದಾಗ, ಅಂದರೆ ಅಂಕಿ ನೋಡಿ "ಎಲ್ಲ ಶಾಂತ" ಅಂತ ನಾವು ಮಲಗುವ ಹೊತ್ತಿಗೆ. ಪ್ರತಿ ಮಹಡಿಗೂ, ಮಲಗುವ ಕೋಣೆಗಳ ಹೊರಗೂ ಅಲಾರಂ ಇರಬೇಕು. ಅಮೆರಿಕದ ಮಾನದಂಡದ ಅಲಾರಂ 70 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗದಲ್ಲಿ 70 ಭಾಗ) ಇದ್ದರೆ ಒಂದು ಗಂಟೆಯಿಂದ ನಾಲ್ಕು ಗಂಟೆಯೊಳಗೆ ಕೂಗುತ್ತದೆ, 400 ಇದ್ದರೆ 4ರಿಂದ 15 ನಿಮಿಷದೊಳಗೆ. ಮನೆಯವರಿಗೆಲ್ಲ ಒಟ್ಟಿಗೆ ತಲೆನೋವು, ವಾಕರಿಕೆ ಬಂದರೆ ಅದು ಕೂಗಲಿ ಅಂತ ಕಾಯಬೇಡಿ. ಹೊರಗೆ ಹೋಗಿ, ಅಲ್ಲಿಂದ ಫೋನ್ ಮಾಡಿ.

ನಮ್ಮ ಅಡುಗೆಮನೆಗೆ ಸಂಬಂಧಿಸಿದ ಎರಡು ಮಾತು. ಒಗ್ಗರಣೆ ಹಾಕುವಾಗ ದೊಡ್ಡ ಎಕ್ಸಾಸ್ಟ್ ಹಾಕುತ್ತೇವೆ. ಬಿಗಿಯಾಗಿ ಮುಚ್ಚಿದ ಮನೆಯಲ್ಲಿ ಅದು ಗಾಳಿ ಎಳೆದರೆ ಚಿಮಣಿಯ ಹೊಗೆ ಉಲ್ಟಾ ಮನೆಯೊಳಗೆ ಬರುತ್ತದೆ. ಎಕ್ಸಾಸ್ಟ್ ಹಾಕುವಾಗ ಅಡುಗೆಮನೆಯ ಕಿಟಕಿ ಒಂದಿಂಚು ತೆರೆದಿಡಿ. ಮೆಣಸಿನಕಾಯಿ ಘಾಟಿಗೆ ಹೊಗೆ ಅಲಾರಂ ಕೂಗುತ್ತದೆ ಅಂತ ಅದನ್ನು ಕಿತ್ತು ಡ್ರಾಯರಿಗೆ ಹಾಕಿದ್ದರೆ ಇವತ್ತೇ ವಾಪಸ್ ಹಾಕಿ, ಬೇಕಾದರೆ ಅಡುಗೆಮನೆಯಿಂದ ಸ್ವಲ್ಪ ದೂರ.

ಹಂತ 10: ಚಳಿಗಾಲದ ನಡುವೆ ನೋಡಿಕೊಳ್ಳುವುದು

ಪ್ರೋಬ್ ತುದಿಗೆ ಮಸಿ, ಕ್ರಿಯೊಸೋಟ್ ಕೂತರೆ ಅಂಕಿ ನಿಧಾನವಾಗಿ ಏರುತ್ತದೆ, ಕಡಿಮೆಯೂ ತೋರಿಸುತ್ತದೆ. ತಿಂಗಳಿಗೊಮ್ಮೆ ಸ್ಟವ್ ತಣ್ಣಗಿದ್ದಾಗ ಹೊರಗೆಳೆದು ತಂತಿ ಬ್ರಶ್‌ನಲ್ಲಿ ಉಜ್ಜಿ. ತೆಗೆದಾಗ ತುದಿಯ ಮೇಲೆ ಏನಿದೆ ನೋಡಿ. ಪುಡಿ ಪುಡಿ ಬೂದುಬಣ್ಣದ ಮಸಿಯಾದರೆ ಸರಿ. ಹೊಳೆಯುವ ಕಪ್ಪು, ಅಂಟಂಟು ಪದರವಾದರೆ ಚಿಮಣಿಯೊಳಗೂ ಅದೇ ಇದೆ. ಗುಡಿಸುವವರನ್ನು ವರ್ಷದ ಸರದಿಗೆ ಕಾಯದೆ ಈಗಲೇ ಕರೆಸಿ. ಏನೂ ತೊಂದರೆ ಕಾಣದಿದ್ದರೂ ವರ್ಷಕ್ಕೊಮ್ಮೆ ಚಿಮಣಿ ಪರೀಕ್ಷೆ ಮಾಡಿಸಲೇಬೇಕು.

ಅಂಕಿ ಇದ್ದಕ್ಕಿದ್ದಂತೆ ಹಾರಿ ಬಿದ್ದರೆ, ಸೊನ್ನೆಗೆ ಹೋದರೆ, ಅಥವಾ ಬೆಂಕಿ ಜೋರಿದ್ದರೂ ಕೋಣೆಯ ಬಿಸಿಯನ್ನೇ ತೋರಿಸಿದರೆ ವೈರ್ ತುಂಡಾಗಿದೆ, ಶಾರ್ಟ್ ಆಗಿದೆ ಅಥವಾ ಪ್ರೋಬ್ ಕಳಚಿದೆ. ದಿನವೂ ಬಿಸಿಯಾಗುವ ಥರ್ಮೋಕಪಲ್ ಕಾಲಕ್ರಮೇಣ ಅಂಕಿ ತಪ್ಪುತ್ತಾ ಹೋಗುತ್ತದೆ. ಪ್ರತಿ ಅಕ್ಟೋಬರ್‌ನಲ್ಲಿ ಐಸ್ ನೀರು, ಕುದಿಯುವ ನೀರಿನ ಪರೀಕ್ಷೆ ಮತ್ತೆ ಮಾಡಿ, ಬ್ಯಾಟರಿ ಬದಲಿಸಿ. ಒಂದು ಹೆಚ್ಚಿನ ಪ್ರೋಬ್ ಮೊದಲೇ ತರಿಸಿಟ್ಟುಕೊಳ್ಳಿ, ಕೆಟ್ಟರೆ ಅದು ಜನವರಿಯಲ್ಲೇ ಕೆಡುವುದು.